ಮೇಜಿನ ಹೊರಗೆ ನಿಂತವರು

ಕಳೆದ ವರ್ಷ ಆಟಿ ತಿಂಗಳಿನಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಒಂದು ಯುದ್ಧ ನಡೆಯಿತು. ಎಡೆಬಿಡದ ಮಳೆ. ತೋಟಕ್ಕೆ ಇಳಿಯುವಂತಿಲ್ಲ, ಪೇಟೆಗೆ ಹೋಗುವಂತಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಓದುತ್ತಿರುವ ಅಕ್ಕನ ಮಗ ರಜೆಯಲ್ಲಿ ಬಂದಿದ್ದ. ಅವನು ತನ್ನ ಪೆಟ್ಟಿಗೆಯಿಂದ ಹೆಬ್ಬೆರಳಿನ ಗಿಣ್ಣಿನಷ್ಟು ಎತ್ತರದ ಗೊಂಬೆ ಸೈನಿಕರನ್ನು ಒಂದೊಂದಾಗಿ ತೆಗೆದು ಊಟದ ಮೇಜಿನ ಮೇಲೆ ಜೋಡಿಸತೊಡಗಿದ. ಒಂದೊಂದಕ್ಕೂ ಅವನೇ ಕುಳಿತು ಬಣ್ಣ ಹಚ್ಚಿದ್ದಂತೆ. ಪುಸ್ತಕದ ಅಟ್ಟಿ ಗುಡ್ಡವಾಯಿತು, ಹಸುರು ಬೈರಾಸು ಬಯಲಾಯಿತು, ಅಡಿಕೆ ಹಾಳೆಯ ತುಂಡುಗಳು ಕೋಟೆಯ ಗೋಡೆಯಾದವು. ಇದೇ ಚಾವಡಿಯಲ್ಲಿ ಇದೇ ತಿಂಗಳಿನಲ್ಲಿ ಚೆನ್ನೆಮಣೆ ಆಡಿ ಬೆಳೆದ ನನಗೆ ಈ ಆಟವನ್ನೂ ನೋಡಿಬಿಡುವ ಎಂದು ಆಸೆಯಾಯಿತು. ಒಂದು ಸೈನ್ಯಕ್ಕೆ ನಾನು ಸೇನಾಪತಿಯಾದೆ, ಇನ್ನೊಂದಕ್ಕೆ ಅವನು.

ಆಟದ ಕ್ರಮ ಕಷ್ಟದ್ದೇನಲ್ಲ. ಇಬ್ಬರಿಗೂ ಸಮಾನ ಬಲದ ಸೈನ್ಯ. ಸರದಿಯ ಪ್ರಕಾರ ಪ್ರತಿಯೊಂದು ತುಕಡಿಯನ್ನು ಅಳತೆಪಟ್ಟಿ ಹಿಡಿದು ಇಷ್ಟು ಇಂಚು ಎಂದು ಮುಂದೆ ಸರಿಸುವುದು, ಗುಂಡು ತಾಗಿತೇ ಇಲ್ಲವೇ ಎಂಬುದನ್ನು ದಾಳ ಹಾಕಿ ತೀರ್ಮಾನಿಸುವುದು, ಸತ್ತವರನ್ನು ಮೇಜಿನಿಂದ ತೆಗೆಯುವುದು. ಆದರೆ ಆಟ ಸುರುವಾಗುವ ಮೊದಲೇ ಅಳಿಯ ಎರಡೂ ಸೈನ್ಯಗಳಿಂದ ಒಂದಷ್ಟು ಜನರನ್ನು ಬೇರೆ ತೆಗೆದು, ಪಕ್ಕದ ಕುರ್ಚಿಯ ಮೇಲೆ ಎರಡು ಹರಿವಾಣಗಳಲ್ಲಿ ನಿಲ್ಲಿಸಿದ. ಯಾಕೆಂದು ಕೇಳಿದೆ. “ಇವು ಮೀಸಲು, ಮಾವ. ಈಗ ಅಲ್ಲ, ಮತ್ತೆ ಬರುತ್ತವೆ” ಎಂದ.

ಆಗ ನನ್ನ ತಮ್ಮ ಕೊಟ್ಟಿಗೆಯ ಕೆಲಸ ಮುಗಿಸಿ, ಕಾಲು ತೊಳೆದು, ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದ. “ಅಲ್ಲ ಮಾರಾಯ, ಆ ಹರಿವಾಣದಲ್ಲಿ ಇರುವವರು ಅಷ್ಟು ಹೊತ್ತು ಎಂತ ಮಾಡ್ತಾ ಇರ್ತಾರೆ?” ಎಂದು ಕೇಳಿದ. ಅಳಿಯ ನಕ್ಕು, “ಎಂತದೂ ಇಲ್ಲ ಸಣ್ಣಮಾವ, ಸುಮ್ಮನೆ ಕಾಯ್ತಾರೆ” ಎಂದ. ತಮ್ಮನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಹರಿವಾಣದ ವಿಚಾರ.

ನಮಗೆ ಪರಿಚಯವಿರುವ ಚದುರಂಗದಲ್ಲಿ ಮೀಸಲು ಎಂಬುದೇ ಇಲ್ಲ. ಹದಿನಾರಕ್ಕೆ ಹದಿನಾರು ಕಾಯಿಗಳೂ ಮೊದಲಿನಿಂದಲೇ ಮಣೆಯ ಮೇಲಿರುತ್ತವೆ. ಎದುರಾಳಿಗೆ ನಮ್ಮದೆಲ್ಲವೂ ಕಾಣುತ್ತದೆ, ನಮಗೆ ಅವನದೆಲ್ಲವೂ ಕಾಣುತ್ತದೆ. ನಿಜವಾದ ಯುದ್ಧ ಹೀಗಿರುವುದಿಲ್ಲ ಎಂಬ ಅತೃಪ್ತಿಯಿಂದಲೇ ಈ ಬಗೆಯ ಆಟಗಳು ಹುಟ್ಟಿದವು. 1824ರಲ್ಲಿ ಪ್ರಷ್ಯದ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದ ಫಾನ್ ರೈಸ್‌ವಿಟ್ಸ್ ಎಂಬವನು, ತನ್ನ ತಂದೆ ಸುರು ಮಾಡಿದ್ದ ಒಂದು ಆಟವನ್ನು ತಿದ್ದಿ, ಕ್ರೀಗ್ಸ್‌ಪೀಲ್ ಎಂಬ ಹೆಸರಿನಲ್ಲಿ ಅದರ ನಿಯಮಗಳನ್ನು ಅಚ್ಚು ಹಾಕಿಸಿದ. ಆ ಹೆಸರಿನ ಅರ್ಥವೇ ಯುದ್ಧದಾಟ. ಎಂಟು ಸಾವಿರಕ್ಕೆ ಒಂದರಂತೆ ಅಳತೆಯಿದ್ದ ನಕ್ಷೆಯ ಮೇಲೆ ಅದನ್ನು ಆಡುವುದು. ಒಂದು ಸರದಿಯೆಂದರೆ ನಿಜವಾದ ಯುದ್ಧದ ಎರಡು ನಿಮಿಷ. ನಡುವೆ ಒಬ್ಬ ನಿರ್ಣಾಯಕ. ಎದುರಾಳಿಯ ಪಡೆ ಕಣ್ಣಿಗೆ ಬೀಳುವ ಜಾಗಕ್ಕೆ ಬರುವ ತನಕ ಅದನ್ನು ನಕ್ಷೆಯ ಮೇಲೆ ಇಡುವಂತಿಲ್ಲ. ಸೇನಾಪತಿ ಆಜ್ಞೆ ಕೊಟ್ಟ ಕೂಡಲೇ ತುಕಡಿ ಕದಲುವುದೂ ಇಲ್ಲ. ಕುದುರೆ ಸವಾರನೊಬ್ಬ ಆ ಆಜ್ಞೆಯನ್ನು ತಲಪಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿರ್ಣಾಯಕ ಅದನ್ನು ತಡೆದು ಇಡುತ್ತಾನೆ. ಪ್ರಷ್ಯದ ಸೈನ್ಯ ಈ ಆಟವನ್ನು ತನ್ನ ಅಧಿಕಾರಿಗಳ ಶಿಕ್ಷಣಕ್ಕೇ ಬಳಸಿಕೊಂಡಿತು.

ಮುಂದೆ ಇಂಗ್ಲೆಂಡಿನ ಸಾಹಿತಿ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಯುದ್ಧವನ್ನು ಸಾಮಾನ್ಯರ ಮನೆಗೆ ತಂದ. ಆಟ ಸುರುವಾಗುವ ಮೊದಲು ನಡುವೆ ಒಂದು ಪರದೆ ಕಟ್ಟಿ, ಇಬ್ಬರೂ ತಮ್ಮ ತಮ್ಮ ಸೈನ್ಯವನ್ನು ಗುಟ್ಟಾಗಿ ನಿಲ್ಲಿಸುವ ಕ್ರಮ ಅವನದರಲ್ಲಿತ್ತು. ಯುದ್ಧದ ಹುಚ್ಚಿರುವವರು ಇಂತಹ ಆಟದಲ್ಲೇ ಅದನ್ನು ತೀರಿಸಿಕೊಳ್ಳಲಿ, ನಿಜವಾದ ಯುದ್ಧ ಬೇಡ ಎಂಬುದು ಅವನ ಆಶಯ. ಮರುವರ್ಷವೇ ಮೊದಲನೆಯ ಮಹಾಯುದ್ಧ ಸುರುವಾಯಿತು. ನಮ್ಮ ಅಳಿಯ ತಂದ ಆಟ ‘ವಾರ್‌ಹ್ಯಾಮರ್ 40,000’ ಇದೇ ಮನೆತನದ ಮೊಮ್ಮಗು. 1987ರಲ್ಲಿ ಮೊದಲು ಪ್ರಕಟವಾದದ್ದು. ಅದನ್ನು ಹೊರಡಿಸುವ ಗೇಮ್ಸ್ ವರ್ಕ್‌ಶಾಪ್ ಕಂಪೆನಿಯ ಕೇಂದ್ರ ಕಚೇರಿ ಅವನು ಓದುವ ನಾಟಿಂಗ್‌ಹ್ಯಾಮಿನಲ್ಲೇ ಇದೆ. ಹುಡುಗನಿಗೆ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಮೀಸಲಿನ ನಿಯಮಕ್ಕೆ ಬರುತ್ತೇನೆ. ಈ ಒಂದೇ ಆಟದಲ್ಲಿ ವರ್ಷ ಹೋದಂತೆ ಆ ನಿಯಮ ಬದಲಾಗಿದೆ. 2008ರ ಐದನೆಯ ಆವೃತ್ತಿಯಲ್ಲಿ ಹೀಗಿತ್ತು: ಮೀಸಲು ತುಕಡಿ ಮೊದಲನೆಯ ಸುತ್ತಿನಲ್ಲಿ ಬರುವಂತಿಲ್ಲ. ಎರಡನೆಯ ಸುತ್ತಿನಲ್ಲಿ ದಾಳ ಹಾಕಬೇಕು, ನಾಲ್ಕು ಅಥವಾ ಹೆಚ್ಚು ಬಿದ್ದರೆ ಬರುತ್ತದೆ. ಮೂರನೆಯದರಲ್ಲಿ ಮೂರು ಬಿದ್ದರೆ ಸಾಕು, ನಾಲ್ಕನೆಯದರಲ್ಲಿ ಎರಡು ಸಾಕು. ಐದನೆಯ ಸುತ್ತಿನಲ್ಲಿ ದಾಳವಿಲ್ಲದೆಯೇ ಬರುತ್ತದೆ. ಲೆಕ್ಕದವನಾದ ನಾನು ಕೂಡಲೇ ಕಾಗದದ ತುಂಡಿನಲ್ಲಿ ಗುಣಿಸಿ ನೋಡಿದೆ. ನಾಲ್ಕು ಸುತ್ತು ಮುಗಿದರೂ ತುಕಡಿ ಬಾರದೇ ಇರುವ ಸಂಭವ ಮೂವತ್ತಾರರಲ್ಲಿ ಒಂದು. ಸಣ್ಣದೇ, ಆದರೆ ಇಲ್ಲವೆನ್ನುವಂತಿಲ್ಲ. ಐದನೆಯ ಸುತ್ತಿಗೆ ಆಟವೇ ಮುಗಿದುಹೋಗುವುದೂ ಉಂಟು. ಆಗ ಬಂದವನು ಚಪ್ಪರ ಬಿಚ್ಚುವ ಹೊತ್ತಿಗೆ ಮದುವೆಗೆ ಬಂದ ನೆಂಟನಂತೆ.

2017ರ ಎಂಟನೆಯ ಆವೃತ್ತಿಯಲ್ಲಿ, ಇಬ್ಬರಿಗೂ ಸಮಬಲದ ಪಂದ್ಯಕ್ಕೆಂದು ಇಟ್ಟ ನಿಯಮದಲ್ಲಿ, ಈ ದಾಳವನ್ನು ತೆಗೆದುಹಾಕಿದರು. ಯಾವಾಗ ಕರೆಯಬೇಕೆಂಬುದು ಆಟಗಾರನ ಇಷ್ಟ. ಆದರೆ ಎರಡು ಕಟ್ಟುಪಾಡು ಹಾಕಿದರು. ತುಕಡಿಗಳಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು ಮೊದಲೇ ಮೇಜಿನ ಮೇಲಿರಬೇಕು, ಇದು ಒಂದು. ಮೂರನೆಯ ಸುತ್ತು ಮುಗಿಯುವುದರೊಳಗೆ ಬಾರದ ತುಕಡಿ ನಾಶವಾಯಿತೆಂದೇ ಲೆಕ್ಕ, ಇದು ಎರಡು. ಅಳಿಯನ ಗೆಳೆಯರ ಬಳಗ ಆ ಕ್ರಮದಲ್ಲೇ ಆಡುವುದಂತೆ. ನಾವೂ ಹಾಗೆಯೇ ಆಡಿದೆವು.

ನನ್ನ ಹರಿವಾಣದಲ್ಲಿದ್ದದ್ದು ನನ್ನ ಸೈನ್ಯದ ಅತ್ಯುತ್ತಮ ತುಕಡಿ. ಎರಡನೆಯ ಸುತ್ತಿನಲ್ಲಿ ಕರೆಯಬಹುದಿತ್ತು. ಇನ್ನೂ ಒಳ್ಳೆಯ ಸಂದರ್ಭ ಬರಲಿ ಎಂದು ತಡೆದೆ. ಮೂರನೆಯ ಸುತ್ತಿನಲ್ಲಿ ಎಡಬದಿಗೆ ತರುವುದೋ ಬಲಬದಿಗೋ ಎಂದು ಯೋಚಿಸುತ್ತ, ಬೇರೆ ತುಕಡಿಗಳನ್ನು ಸರಿಸುವ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ಸುತ್ತು ಮುಗಿಯಿತು. ಅಳಿಯ ಹರಿವಾಣವನ್ನು ಎತ್ತಿ ಬದಿಗಿಟ್ಟು, “ಇವು ಹೋದವು, ಮಾವ” ಎಂದ. “ಯಾರೂ ಹೊಡೆಯಲೇ ಇಲ್ಲವಲ್ಲ!” ಎಂದೆ. “ಹೊಡೆಯಬೇಕೆಂದು ಇಲ್ಲ. ಕರೆಯದಿದ್ದರೆ ಸತ್ತ ಹಾಗೆಯೇ” ಎಂದ. ಆಟದಲ್ಲಿ ಸೋತೆ. ಅದು ದೊಡ್ಡದಲ್ಲ. ಆ ರಾತ್ರಿ ಮಳೆಯ ಸದ್ದು ಕೇಳುತ್ತ ಮಲಗಿದಾಗ ತಮ್ಮನ ಪ್ರಶ್ನೆ ಮತ್ತು ಅಳಿಯನ ಉತ್ತರ ಎರಡೂ ಒಟ್ಟಿಗೆ ತಲೆಯೊಳಗೆ ತಿರುಗತೊಡಗಿದವು.

ಮೀಸಲು ಇಡುವುದು ಜಾಣತನ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಇದ್ದುದನ್ನೆಲ್ಲ ಮೊದಲ ದಿನವೇ ಮುಂದೆ ನಿಲ್ಲಿಸುವ ಸೇನಾಪತಿಯೂ ಮೂರ್ಖ, ಬೀಜದ ಭತ್ತವನ್ನೂ ಕುಟ್ಟಿ ಉಣ್ಣುವ ಒಕ್ಕಲಿಗನೂ ಮೂರ್ಖ. ನಾಳೆ ಏನಾಗುವುದೆಂದು ಯಾರಿಗೂ ಗೊತ್ತಿಲ್ಲದಿರುವಾಗ ಏನನ್ನಾದರೂ ತೆಗೆದಿಡುವುದು ಧರ್ಮವೇ. ನನ್ನ ಪ್ರಶ್ನೆ ಅದಲ್ಲ. ತೆಗೆದಿಟ್ಟದ್ದು ಒಂದು ವಸ್ತುವಾಗಿರದೆ ಒಬ್ಬ ಮನುಷ್ಯನಾಗಿದ್ದರೆ, ಇಟ್ಟವನಿಗೆ ಅವನ ಮೇಲೆ ಎಷ್ಟು ಹಕ್ಕಿದೆ? ಎಷ್ಟು ಕಾಲದ ತನಕ ಇದೆ?

ನಿಜವಾದ ಯುದ್ಧಗಳಲ್ಲಿ ಈ ಪ್ರಶ್ನೆಗೆ ಸೇನಾಪತಿಯ ಕಡೆಯಿಂದ ಮಾತ್ರ ಉತ್ತರ ಬರೆದಿಡುತ್ತಾರೆ. 1812ರ ಸೆಪ್ಟೆಂಬರ್ 7ರಂದು ರಷ್ಯದ ಬೊರೊಡಿನೊದಲ್ಲಿ ನೆಪೋಲಿಯನ್ನನ ಸರದಾರರು ಮೀಸಲು ಪಡೆಯನ್ನು ಕಳುಹಿಸಿಕೊಡಿ ಎಂದು ಕೇಳಿದರು. ಅವನ ಮೀಸಲೆಂದರೆ ಇಂಪೀರಿಯಲ್ ಗಾರ್ಡ್, ಆರಿಸಿ ಆರಿಸಿ ಕಟ್ಟಿದ ಪಡೆ. ಪ್ಯಾರಿಸಿನಿಂದ ಇಷ್ಟು ದೂರ ಬಂದಿರುವಾಗ ಕೊನೆಯ ಆಸರೆಯನ್ನು ಕಳೆದುಕೊಳ್ಳಲಾರೆ ಎಂದು ಅವನು ಆ ಕಾಲಾಳುಗಳನ್ನು ಕಳುಹಿಸಲಿಲ್ಲ. ಮಾಡಿದ್ದು ಸರಿಯೇ ತಪ್ಪೇ ಎಂದು ಇಂದಿಗೂ ಚರ್ಚೆಯಿದೆ. ಮೂರು ವರ್ಷದ ಬಳಿಕ, 1815ರ ಜೂನ್ 18ರಂದು ವಾಟರ್ಲೂವಿನಲ್ಲಿ, ಅದೇ ಗಾರ್ಡನ್ನು ಅವನು ಕಳುಹಿಸಿದ. ಆಗ ಸಂಜೆ ಏಳು ಗಂಟೆ ದಾಟಿತ್ತು. ಬ್ಲೂಷರನ ಪ್ರಷ್ಯನ್ ಸೈನ್ಯ ಅದಾಗಲೇ ಬಲಬದಿಯಿಂದ ಬಂದು ಸೇರಿತ್ತು. ಗಾರ್ಡ್ ಹಿಮ್ಮೆಟ್ಟಿತು, ಅದನ್ನು ನೋಡಿ ಉಳಿದ ಸೈನ್ಯವೂ ಓಡಿತು. ಗ್ರೂಷಿ ಎಂಬ ಸರದಾರನ ಕೈಯಲ್ಲಿದ್ದ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಆ ಹೊತ್ತಿಗೆ ವಾವ್ರ್ ಎಂಬಲ್ಲಿ ಬೇರೆಯೇ ಕಾಳಗದಲ್ಲಿದ್ದರು.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದಕ್ಕಿಂತ ಎರಡು ದಿನ ಮೊದಲು, ಜೂನ್ 16ರಂದು, ನಡೆದ ಸಂಗತಿ. ಆ ದಿನ ನೆಪೋಲಿಯನ್ ಲಿನ್ಯಿಯಲ್ಲಿ ಕಾದುತ್ತಿದ್ದ, ಅವನ ಸರದಾರ ನೇಯ್ ಕೆಲವು ಮೈಲು ಆಚೆ ಕಾತ್ರ್ ಬ್ರಾದಲ್ಲಿ ಕಾದುತ್ತಿದ್ದ. ಇಬ್ಬರಿಗೂ ನಡುವೆ ದೆರ್ಲೋನ್ ಎಂಬವನ ಕೈಕೆಳಗೆ ಸುಮಾರು ಇಪ್ಪತ್ತು ಸಾವಿರ ಜನರ ಒಂದು ದಂಡು ಇತ್ತು. ನೇಯ್ ಕಡೆಗೆ ಹೊರಟವರನ್ನು ಇತ್ತ ಬನ್ನಿ ಎಂದು ಕರೆದರು. ಲಿನ್ಯಿಯ ಸಮೀಪ ತಲಪಿದಾಗ ಹಿಂದೆ ಬನ್ನಿ ಎಂದು ನೇಯ್ ಹೇಳಿಕಳುಹಿಸಿದ. ಅವರು ಹಿಂದೆ ತಿರುಗಿ ಮುಟ್ಟುವಾಗ ಅಲ್ಲಿಯ ಯುದ್ಧ ಮುಗಿದಿತ್ತು. ಎರಡೂ ಕಡೆ ಅವರು ಬೇಕಾಗಿದ್ದರು, ಎರಡೂ ಕಡೆ ಅವರು ಒದಗಲಿಲ್ಲ. ದಿನವಿಡೀ ನಡೆದದ್ದೇ ಆಯಿತು. ನೇಯ್ ತಪ್ಪಿದನೇ, ದೆರ್ಲೋನ್ ತಪ್ಪಿದನೇ ಎಂದು ಚರ್ಚಿಸಿದವರು ಬಹಳ. ಆದರೆ ಆ ಇಪ್ಪತ್ತು ಸಾವಿರದಲ್ಲಿ ಒಬ್ಬ ಸಾಮಾನ್ಯ ಸಿಪಾಯಿಗೆ ಆ ಸಂಜೆ ಏನನ್ನಿಸಿರಬಹುದು? ಗಡಿಯ ಈಚೆ ಆಚೆ ಎರಡೂ ಕಡೆಗೆ ಬೇಕಾಗಿಯೂ ಬೇಡವಾಗಿಯೂ ನಡೆದು ಅಭ್ಯಾಸವಿರುವ ನಮ್ಮಂತಹವರಿಗೆ ಅದನ್ನು ಊಹಿಸುವುದು ಕಷ್ಟವಲ್ಲ.

ನಮ್ಮ ಊರಿನವರಿಗೆ ಇದನ್ನು ತಿಳಿಯಲು ಯುರೋಪಿನ ತನಕ ಹೋಗಬೇಕಾಗಿಯೂ ಇಲ್ಲ. ತಾಳಮದ್ದಳೆ ಕೇಳುತ್ತ ಬೆಳೆದವರು ನಾವು. ಇಂದ್ರ ಬಂದು ಕವಚ ಕುಂಡಲಗಳನ್ನು ಬೇಡಿ ಪಡೆದು, ಬದಲಿಗೆ ಕರ್ಣನಿಗೆ ಶಕ್ತ್ಯಾಯುಧ ಕೊಟ್ಟ. ಒಂದೇ ಸಲ ಪ್ರಯೋಗಿಸಬಹುದಾದದ್ದು. ಕರ್ಣ ಅದನ್ನು ಅರ್ಜುನನಿಗೆಂದು ಮೀಸಲಿಟ್ಟ. ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚ ಕೌರವ ಸೈನ್ಯವನ್ನು ಹುಡಿ ಮಾಡತೊಡಗಿದಾಗ, ಈಗ ಪ್ರಯೋಗಿಸದಿದ್ದರೆ ನಾಳೆ ಅರ್ಜುನನ ಎದುರು ನಿಲ್ಲಲು ನಾವೇ ಉಳಿಯುವುದಿಲ್ಲ ಎಂದು ತನ್ನವರೇ ಗೋಗರೆದರು. ಕರ್ಣ ಎಸೆದ. ಘಟೋತ್ಕಚ ಬಿದ್ದ. ಪಾಂಡವರು ಅತ್ತರು, ಕೃಷ್ಣನೊಬ್ಬ ಸಂತೋಷಪಟ್ಟ.

ಅರ್ಥ ಹೇಳುವವರು ಇಲ್ಲಿ ಕರ್ಣನ ಸಂಕಟವನ್ನು ಬಹಳ ಚೆನ್ನಾಗಿ ಹೇಳುತ್ತಾರೆ. ಹೇಳಲೇಬೇಕಾದದ್ದೇ. ಮೀಸಲಿಟ್ಟದ್ದು ಇಟ್ಟ ಉದ್ದೇಶಕ್ಕೇ ಒದಗುತ್ತದೆಂಬ ಭರವಸೆ ಯಾರಿಗೂ ಇಲ್ಲ. ಆದರೆ ಆ ರಾತ್ರಿ ಎರಡು ಮೀಸಲುಗಳು ಎದುರುಬದುರಾದವು ಎಂದು ನನಗೆ ಅನ್ನಿಸುತ್ತದೆ. ಒಂದು ಕರ್ಣನ ಆಯುಧ, ಇನ್ನೊಂದು ಪಾಂಡವರ ಮಗ. ಘಟೋತ್ಕಚ ಕಾಡಿನಲ್ಲಿ ತಾಯಿಯ ಹತ್ತಿರ ಬೆಳೆದವನು. ಅರಮನೆಯ ಸುಖದಲ್ಲಿ ಅವನಿಗೆ ಪಾಲಿರಲಿಲ್ಲ. ನೆನೆದಾಗ ಬರುತ್ತೇನೆ ಎಂದು ಮಾತು ಕೊಟ್ಟಿದ್ದ, ನೆನೆದಾಗ ಬಂದ. ವನವಾಸದಲ್ಲಿ ದಣಿದ ಪಾಂಡವರನ್ನು ಹೊತ್ತು ನಡೆಯಲು ಬಂದ, ಯುದ್ಧದಲ್ಲಿ ಸಾಯಲೂ ಬಂದ. ಆಯುಧಕ್ಕೆ ತನ್ನನ್ನು ಯಾರ ಮೇಲೆ ಎಸೆದರು ಎಂಬ ದುಃಖವಿಲ್ಲ. ಮಗನಿಗೆ ಅದು ಇಲ್ಲವೆಂದು ಹೇಳಲಾದೀತೇ? ನಾವು ಆಯುಧ ವ್ಯರ್ಥವಾಯಿತೆಂದು ಮರುಗುತ್ತೇವೆ, ಮಗನನ್ನು ಲೆಕ್ಕದ ಬದಿಗೆ ಬರೆಯುತ್ತೇವೆ.

ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನನಗೆ ಮೀಸಲು ಎಂಬ ಶಬ್ದ ಹೊಸದಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ ಪ್ರಕಾರ ಪ್ರತಿಯೊಂದು ಬ್ಯಾಂಕೂ ತನ್ನ ವರ್ಷದ ಲಾಭದಲ್ಲಿ ನೂರಕ್ಕೆ ಇಪ್ಪತ್ತಕ್ಕೆ ಕಡಿಮೆಯಾಗದಷ್ಟನ್ನು ಮೀಸಲು ನಿಧಿಗೆ ಹಾಕಬೇಕು. ಆ ಹಣವನ್ನು ಮುಟ್ಟಬೇಕಾಗಿ ಬಾರದಿದ್ದರೆ ಅದೇ ಒಳ್ಳೆಯ ಲಕ್ಷಣ. ಅದು ಸುಮ್ಮನೆ ಇರುವುದೇ ಅದರ ಕೆಲಸ. ಇನ್ನು, ಹತ್ತು ವರ್ಷ ಯಾರೂ ಕೇಳಿಕೊಂಡು ಬಾರದ ಠೇವಣಿಗಳಿರುತ್ತವೆ. 2014ರಿಂದ ಅವು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗವಾಗುತ್ತವೆ. ಆದರೆ ಅನಂತರ ವಾರಸುದಾರರು ದಾಖಲೆ ಹಿಡಿದು ಬಂದರೆ ಹಣ ಸಿಗುತ್ತದೆ. ಮುಂಬಯಿಯಲ್ಲಿ ಹೋಟೆಲು ನಡೆಸಿ ತೀರಿಕೊಂಡ ಅಜ್ಜನ ಹಳೆಯ ಪಾಸ್‌ಬುಕ್ ಹಿಡಿದು ಬಂದ ಮೊಮ್ಮಗನಿಗೆ ನಾನೇ ಅರ್ಜಿ ಬರೆದುಕೊಟ್ಟದ್ದುಂಟು. ಹಣ ಬಂತು, ಎಂದರೆ ಹಣ ಕಾಯಬಲ್ಲದು. ಪೆಟ್ಟಿಗೆಯಲ್ಲಿ ಕುಳಿತಿರುವ ನೂರು ರೂಪಾಯಿಗೆ ಬೇಸರವಿಲ್ಲ, ತಲೆ ನರೆಯುವುದಿಲ್ಲ, ಓರಗೆಯವರು ಮುಂದೆ ಹೋದರೆಂಬ ಸಂಕಟವಿಲ್ಲ.

ಮನುಷ್ಯನ ವಿಚಾರ ಹಾಗಲ್ಲ. ಅವನು ಕಾಯುತ್ತಿರುವಾಗಲೇ ಅವನ ಆಯುಸ್ಸು ಖರ್ಚಾಗುತ್ತಿರುತ್ತದೆ. ಮೀಸಲಿಟ್ಟವನು ಏನನ್ನೂ ಖರ್ಚು ಮಾಡಿಲ್ಲ ಎಂದು ತಿಳಿದಿರುತ್ತಾನೆ. ಖರ್ಚು ಇನ್ನೊಬ್ಬನ ಖಾತೆಯಿಂದ ಹೋಗುತ್ತಿರುವುದು ಅವನಿಗೆ ಕಾಣುವುದಿಲ್ಲ. ಗೊಂಬೆಗಳಿಗೆ ಆಯುಸ್ಸಿಲ್ಲ. ಆದ್ದರಿಂದ ಆ ಆಟದಲ್ಲಿ ಪಾಪವಿಲ್ಲ. ಆದರೂ ಆಟದ ನಿಯಮ ಮಾಡಿದವರು ‘ಮೂರನೆಯ ಸುತ್ತಿನೊಳಗೆ’ ಎಂದು ಗೆರೆ ಎಳೆದರು. ಆಟಗಾರ ಲೆಕ್ಕಕ್ಕಿಂತ ಹೆಚ್ಚು ಬಚ್ಚಿಟ್ಟರೆ ಆಟ ಕೆಡುತ್ತದೆಂದು ಎಳೆದದ್ದು. ಗೊಂಬೆಗಳ ಮೇಲಿನ ಕರುಣೆಯಿಂದಲ್ಲ. ಆದರೆ ಮನುಷ್ಯರ ನಡುವೆ ಇರಬೇಕಾದ ನ್ಯಾಯ ಆ ಗೆರೆಯಲ್ಲಿ ಇದೆ.

ನಮ್ಮ ಹಿರಿಯರ ಮಾತಿನಲ್ಲೂ ಆ ನ್ಯಾಯ ಇತ್ತು. ಮೀಸಲು ಎಂದರೆ ಮೊದಲು ದೇವರಿಗೆಂದು ತೆಗೆದಿಟ್ಟದ್ದು. ಮನೆಯಲ್ಲಿ ಕಾಯಿಲೆ ಬಂದರೆ ಅಜ್ಜಿ ಒಂದು ನಾಣ್ಯವನ್ನು ಅರಸಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಎಂದು ದೇವರ ಹತ್ತಿರ ಇಡುತ್ತಿದ್ದರು. ಆ ನಾಣ್ಯವನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಹಾಗೆಂದು ಅಲ್ಲೇ ಬಿಟ್ಟುಬಿಡುವಂತೆಯೂ ಇಲ್ಲ. ಕ್ಷೇತ್ರಕ್ಕೆ ಹೋಗಿ ಒಪ್ಪಿಸಲೇಬೇಕು. ಒಪ್ಪಿಸದೆ ವರ್ಷ ಕಳೆದರೆ ಅದು ಉಳಿತಾಯವಲ್ಲ, ಬಾಕಿ. ಮನೆಯಲ್ಲಿ ಏನಾದರೂ ತೊಂದರೆಯಾದಾಗ ಮೊದಲು ನೆನಪಾಗುತ್ತಿದ್ದದ್ದು ಅದೇ. ತೆಗೆದಿಟ್ಟದ್ದರಿಂದ ಇಟ್ಟವನಿಗೆ ಹಕ್ಕು ಬರುವುದಿಲ್ಲ, ಋಣ ಬರುತ್ತದೆ ಎಂಬುದು ಅಜ್ಜಿಗೆ ಗೊತ್ತಿತ್ತು.

ಈ ಕಣ್ಣಿನಿಂದ ನೋಡಿದರೆ ನಮ್ಮ ಮನೆಗಳಲ್ಲಿ ಹರಿವಾಣದಲ್ಲಿ ಇಟ್ಟದ್ದು ಬಹಳ ಕಾಣುತ್ತದೆ. ಒಂದನ್ನು ಇಲ್ಲಿ ಹೇಳದಿದ್ದರೆ ಈ ಪುಟಗಳಿಗೆ ನಾನು ಮೋಸ ಮಾಡಿದಂತೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. 1967ರಲ್ಲಿ ಮಹಾಜನ ವರದಿ ಬಂತು, ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು, ಹಾಗೆಯೇ ಉಳಿಯಿತು. ಇತರರು ನಮ್ಮನ್ನು ಕಾಯಿಸಿದ್ದರ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ನಾವು ಕಾಯಿಸಿದ್ದರ ಬಗ್ಗೆ ಬರೆದದ್ದು ಕಡಿಮೆ. ಮಗುವಿಗೆ ಮೊದಲು ಇಂಗ್ಲಿಷ್ ಬರಲಿ, ಮಲಯಾಳ ಹೇಗಿದ್ದರೂ ಬೇಕು, ಕನ್ನಡ ಮನೆಯದ್ದಲ್ಲವೇ, ಮತ್ತೆ ಕಲಿಸಿದರಾಯಿತು ಎಂದು ಹೇಳಿದವರಲ್ಲಿ ನಾನೂ ಒಬ್ಬ. ನನ್ನ ಮಗಳು ಈಗ ಹತ್ತನೆಯ ತರಗತಿ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ. ಆದರೆ ಈ ಲೇಖನವನ್ನು ಅವಳಿಗೆ ನಾನೇ ಓದಿ ಹೇಳಬೇಕು. ‘ಮತ್ತೆ’ ಎಂಬ ಸುತ್ತು ಯಾವಾಗ ಮುಗಿಯಿತೆಂದು ನನಗೆ ತಿಳಿಯಲೇ ಇಲ್ಲ. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಗೆಳೆಯರೂ ತಮ್ಮ ಮಕ್ಕಳ ಬಗ್ಗೆ ಇದೇ ಮಾತನ್ನು ನನ್ನಲ್ಲಿ ಹೇಳಿದ್ದಾರೆ. ಆದ್ದರಿಂದ ಇದು ಒಂದು ಭಾಷೆ ಇನ್ನೊಂದಕ್ಕೆ ಮಾಡಿದ ಅನ್ಯಾಯವಲ್ಲ. ಮನೆಯ ವಸ್ತು ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆಯ ಫಲ. ಭಾಷೆ ಪೆಟ್ಟಿಗೆಯಲ್ಲಿಟ್ಟ ಹಣದಂತೆ ಅಲ್ಲ. ಅದು ಜನರ ಬಾಯಲ್ಲೇ ಇರುವುದರಿಂದ ಅವರೊಡನೆಯೇ ಅದಕ್ಕೂ ವಯಸ್ಸಾಗುತ್ತದೆ.

ಇನ್ನು ತಮ್ಮನ ವಿಷಯ. ನನಗೆ ಬ್ಯಾಂಕಿನ ಕೆಲಸ ಸಿಕ್ಕಿದ ವರ್ಷವೇ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಮೊದಲ ನೇಮಕ ದೂರದ ಊರಿಗೆ. ತಮ್ಮ ಆಗ ತಾನೇ ಪದವಿ ಮುಗಿಸಿದ್ದ. ಓದಿನಲ್ಲಿ ನನಗಿಂತ ಚುರುಕು. “ಎರಡು ವರ್ಷ ನೀನು ಮನೆ ನೋಡಿಕೋ. ನಾನು ಊರಿಗೆ ವರ್ಗ ಮಾಡಿಸಿಕೊಂಡು ಬರುತ್ತೇನೆ, ಮತ್ತೆ ನೀನು ಪರೀಕ್ಷೆ ಬರೆಯುವಿಯಂತೆ” ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎರಡು ವರ್ಷ ನಾಲ್ಕಾಯಿತು. ತಂದೆಯವರು ಹಾಸಿಗೆಯಲ್ಲೇ ಇದ್ದರು. ತೋಟಕ್ಕೆ ಕೊಳೆರೋಗ ಬಂತು, ಅಕ್ಕನ ಮದುವೆಯ ಸಾಲ ಇತ್ತು. ಪ್ರತಿ ಸಲವೂ ಕಾರಣ ನಿಜವಾದದ್ದೇ. ಕ್ಲಾರ್ಕ್ ಪರೀಕ್ಷೆಗೆ ವಯಸ್ಸಿನ ಮಿತಿ ಇಪ್ಪತ್ತೆಂಟು. ಅರ್ಜಿಗಳನ್ನು ಪರಿಶೀಲಿಸುವ ಕಚೇರಿಯಲ್ಲೇ ಕುಳಿತಿದ್ದ ನನಗೆ ಆ ಮಿತಿ ಗೊತ್ತಿತ್ತು. ಅವನಿಗೆ ಇಪ್ಪತ್ತೆಂಟು ತುಂಬಿದ ದಿನ ನಾನು ಊರಿಗೆ ಬಂದಿದ್ದೆ, ಪಾಯಸದ ಊಟವೂ ಆಯಿತು. ನಾನೂ ಏನೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಮೂರನೆಯ ಸುತ್ತು ಮುಗಿದದ್ದು ಹಾಗೆ.

ಮನೆ ಬಿದ್ದುಹೋಗದೆ ನಿಂತದ್ದು ಅವನಿಂದ. ತಂದೆಯವರು ಹತ್ತು ವರ್ಷ ಮಲಗಿದರೂ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡದ್ದು ಅವನು. ನಾನು ಮಾಡಿದ್ದು ಪೂರ್ತಿ ತಪ್ಪು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಇಬ್ಬರೂ ಹೊರಟುಹೋಗಿದ್ದರೆ ಏನಾಗುತ್ತಿತ್ತು? ಯಾರಾದರೂ ಒಬ್ಬರು ಇರಲೇಬೇಕಿತ್ತು. ಆದರೆ ಆ ಒಬ್ಬ ಅವನೇ ಆಗಬೇಕೆಂದು ತೀರ್ಮಾನಿಸಿದವನು ನಾನು. ಅದರಿಂದ ಲಾಭವಾದದ್ದೂ ನನಗೆ. ನ್ಯಾಯ ತೀರಿಸುವವನೇ ಫಲ ಉಣ್ಣುವವನೂ ಆದಾಗ ಆ ತೀರ್ಪನ್ನು ಇನ್ನೊಮ್ಮೆ ನೋಡಲೇಬೇಕು.

ಆಟ ಮುಗಿದ ಮರುದಿನ ಸಂಜೆ ತಮ್ಮ ಅಂಗಳದ ಬದಿಯಲ್ಲಿ ಕುಳಿತು ಕತ್ತಿ ಮಸೆಯುತ್ತಿದ್ದ. ಹತ್ತಿರ ಹೋಗಿ ಕುಳಿತು ಇದನ್ನೆಲ್ಲ ಹೇಳಿದೆ. ಇಷ್ಟು ಚೆನ್ನಾಗಿ ಹೇಳಲಿಲ್ಲ, ಅಲ್ಲಲ್ಲಿ ತಡವರಿಸಿದೆ. ಅವನು ಮಸೆಯುವುದನ್ನು ನಿಲ್ಲಿಸದೆ ಕೇಳಿದ. ಕೊನೆಗೆ ಹೇಳಿದ: “ಈಗ ಅದೆಲ್ಲ ಯಾಕೆ ಅಣ್ಣ? ನನಗೆ ತೋಟ ಬೇಡ ಎಂದು ಇರಲಿಲ್ಲ. ಒಂದು ಮಾತು ಕೇಳಬಹುದಿತ್ತು, ಅಷ್ಟೇ.”

ಆ ಮಾತು ಕೇಳಿದ ಮೇಲೆ ನನ್ನ ಪ್ರಶ್ನೆಯೇ ಅರ್ಧ ತಪ್ಪಾಗಿತ್ತೆಂದು ತಿಳಿಯಿತು. ಎಷ್ಟು ಕಾಲದ ತನಕ ಕಾಯಿಸಬಹುದು ಎಂದು ನಾನು ಕೇಳಿಕೊಂಡಿದ್ದೆ. ಕಾಯುವವನನ್ನು ಕೇಳಿದೆಯಾ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. ಗೊಂಬೆಯನ್ನು ಕೇಳಬೇಕಾಗಿಲ್ಲ. ಮನುಷ್ಯನನ್ನು ಕೇಳಿದರೆ, ಅವನು ಒಪ್ಪಿದರೆ, ಅವನು ಮೀಸಲಲ್ಲ, ಪಾಲುಗಾರ. ಆಗ ಮನೆಯಲ್ಲಿ ಉಳಿಯುವುದೂ ಒಂದು ಕೆಲಸ, ಹೊರಗೆ ನಿಂತು ಕಾಯುವುದಲ್ಲ. ಕೇಳುವುದರ ಜತೆಗೆ ಒಂದು ತಾರೀಕೂ ಬೇಕು. ತಾರೀಕು ಹಾಕದ ಚೆಕ್ಕನ್ನು ನಾವು ಕೌಂಟರಿನಲ್ಲಿ ಹಿಂದೆ ಕೊಡುತ್ತೇವೆ, ಸಹಿ ಎಷ್ಟೇ ಚೆನ್ನಾಗಿರಲಿ. ‘ಮತ್ತೆ ನೋಡುವ’ ಎಂದು ನಾವು ಮನೆಯವರಿಗೆ ಕೊಡುವ ಮಾತುಗಳಲ್ಲಿ ಹೆಚ್ಚಿನವು ಅಂತಹ ಚೆಕ್ಕುಗಳೇ.

“ಹಾಗಾದರೆ ಈಗ ಕೇಳುತ್ತೇನೆ. ನಿನಗೆ ಎಂತ ಬೇಕು?” ಎಂದೆ. ಅವನು ಕತ್ತಿಯ ಅಂಚನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, “ದೀಪಾವಳಿ ಕಳೆದು ಹದಿನೈದು ದಿನ ನೀನು ರಜೆ ಹಾಕಿ ಇಲ್ಲಿ ಇರು. ದನ, ತೋಟ, ಅಮ್ಮನ ಮದ್ದು, ಎಲ್ಲ ನೀನೇ ನೋಡು. ನಾನು ಹಂಪೆ, ಬಾದಾಮಿ ಕಡೆಗೆ ಹೋಗಿ ಬರುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಓದಿದ್ದಲ್ಲವಾ” ಎಂದ. ಕಾಲೇಜಿನಲ್ಲಿ ಅವನ ಮೆಚ್ಚಿನ ವಿಷಯ ಇತಿಹಾಸ ಎಂಬುದು ನನಗೆ ಮರೆತೇಹೋಗಿತ್ತು.

ಮರುದಿನ ಬ್ಯಾಂಕಿಗೆ ಹೋದವನು ಮೊದಲು ರಜೆಯ ಅರ್ಜಿ ಬರೆದೆ. ತಾರೀಕು ಹಾಕಿಯೇ ಬರೆದೆ. ಹದಿನೈದು ದಿನದಲ್ಲಿ ಇಪ್ಪತ್ತು ವರ್ಷ ತೀರುವುದಿಲ್ಲ ಎಂಬುದನ್ನು ಲೆಕ್ಕ ಬರೆಯುವ ನನಗೆ ಯಾರೂ ಹೇಳಬೇಕಾಗಿಲ್ಲ. ಅವನು ಹೋಗಿ ಬಂದ. ಆ ಹದಿನೈದು ದಿನಗಳಲ್ಲಿ ಒಂದು ಬೆಳಗ್ಗೆ, ನನ್ನ ಕೈಗೆ ಬಗ್ಗದ ದನವನ್ನು ಕಟ್ಟಲು ಒದ್ದಾಡುತ್ತ, ಹರಿವಾಣದಲ್ಲಿ ಇರುವವರು ಅಷ್ಟು ಹೊತ್ತು ಏನು ಮಾಡುತ್ತಾರೆ ಎಂಬ ಅವನ ಪ್ರಶ್ನೆ ನನಗೆ ನೆನಪಾಯಿತು. ಅಳಿಯ ಹೇಳಿದ ಉತ್ತರ ಸರಿಯಲ್ಲ. ಅವರು ಸುಮ್ಮನೆ ಕಾಯುವುದಿಲ್ಲ. ಮೇಜಿನ ಮೇಲೆ ಆಡುವವರ ಮನೆಯನ್ನು ಅವರು ನಡೆಸುತ್ತಿರುತ್ತಾರೆ.